ಆಮೆಯಜ್ಜಿಗಾಗಿ ಅತ್ತವರು

"ಗೊಂಬೆ ಪಿಕ್ಚರ್ ತೋರಿಸಿ ಟಾಕೀಸು ನಡೆಸ್ತಾಳಂತೆ! ಇವಳ ಕೈಲಿ ಆದ ಹಾಗೇ ಇದೆ!" ಅಂದವರು ನಮ್ಮ ಭಾವ ಚೆನ್ನಬಸಪ್ಪನವರು. ನಾಲ್ಕು ಜನರ ಮುಂದೆ, ಮೀಸೆ ತಿರುವುತ್ತ ಅಂದರು. ಅದಕ್ಕೇ ನಾನೂ ಹೆಸರು ಹಿಡಿದು ಹೇಳುತ್ತಿದ್ದೇನೆ.

ನನಗಿರುವವನು ಒಬ್ಬನೇ ಮಗ, ನಂಜುಂಡಿ. ಇಪ್ಪತ್ತಾರು ವರ್ಷ. ಭತ್ತದ ಮೂಟೆಯನ್ನು ಹೂವಿನ ಹಾಗೆ ಎತ್ತುತ್ತಾನೆ. ಆದರೆ ಹೇಳಿದ್ದಷ್ಟೇ ಮಾಡುತ್ತಾನೆ, ಹೇಳಿದ್ದನ್ನೆಲ್ಲ ಮಾಡುತ್ತಾನೆ! "ಅಯ್ಯೋ, ಇವನನ್ನು ಕಟ್ಟಿಕೊಂಡು ಹೇಗೆ ಏಗಲಿ!" ಎಂದು ಹಣೆ ಚಚ್ಚಿಕೊಳ್ಳುತ್ತಲೇ ಭಾವನ ಹಳೇ ಅಕ್ಕಿ ಮಿಲ್ಲನ್ನು ಬಾಡಿಗೆಗೆ ಹಿಡಿದೆ. ಎಮ್ಮೆ ಮಾರಿ ಪರದೆ, ಪ್ರೊಜೆಕ್ಟರ್ ತಂದೆ.

ಪಿಕ್ಚರು ಒಂದು ಆಮೆಯಜ್ಜಿಯದು. ಸಂತೆಯಲ್ಲಿ ಕಳೆದುಹೋದ ಮೊಮ್ಮಗಳನ್ನು ಹುಡುಕಿಕೊಂಡು ಹೊರಡುತ್ತಾಳೆ. ಅಂಗಾತ ಬಿದ್ದು ಕಾಲಾಡಿಸಿದರೆ ಮಕ್ಕಳಿಗೆ ನಗು. ಸೊಸೆಯ ಅಡುಗೆಯನ್ನು ಆಡಿಕೊಂಡರೆ ದೊಡ್ಡವರಿಗೆ ನಗು. ಕೊನೆಗೆ ಮೊಮ್ಮಗಳು ಸಿಕ್ಕುತ್ತಾಳೆ, ಆದರೆ ಅವಳಿಗೆ ಅಜ್ಜಿಯ ಗುರುತೇ ಹತ್ತುವುದಿಲ್ಲ! ನಾನೊಬ್ಬಳೇ ಕೂತು ಮೂರು ಸಲ ನೋಡಿದ್ದೆ, ಮೂರು ಸಲವೂ ಸೆರಗು ಒದ್ದೆ.

"ಮಕ್ಕಳಾಟ ಅದು. ಭಾನುವಾರದೊಳಗೆ ದೊಡ್ಡವರು ಬಂದು ಹಾಲ್ ತುಂಬಲಿಲ್ಲ ಅಂದ್ರೆ ಬೀಗದ ಕೈ ವಾಪಸ್ ಕೊಡು. ಮಿಲ್ಲಲ್ಲಿ ಬೆಲ್ಲ ತುಂಬಿಸ್ತೀನಿ," ಅಂದರು ಭಾವ.

"ಆಗಲಿ!" ಅಂದೆ.

ಶುಕ್ರವಾರ ಮಗನನ್ನು ಬಾಗಿಲಲ್ಲಿ ನಿಲ್ಲಿಸಿದೆ. "ಮಕ್ಕಳ ಪಿಕ್ಚರು ಕಣೋ. ಮಕ್ಕಳನ್ನ ಒಳಗೆ ಬಿಡು."

ಬಿಟ್ಟ! ಮಕ್ಕಳನ್ನು ಒಳಗೆ ಬಿಟ್ಟ, ದೊಡ್ಡವರನ್ನು ಹೊರಗೆ ತಳ್ಳಿದ, ಅಗುಳಿ ಹಾಕಿದ. ಒಳಗೆ ಮೂವತ್ತು ಮಕ್ಕಳು "ಅವ್ವಾ!" ಹೊರಗೆ ಮೂವತ್ತು ಅವ್ವಂದಿರು "ಅಯ್ಯೋ ಮಗಾ!"

"ಪೆದ್ದೇ! ಒಂದೊಂದು ಮಗುವೂ ದೊಡ್ಡವರ ಕೈ ಹಿಡಿದಿರಬೇಕು, ತಿಳೀತಾ?"

"ತಿಳೀತು ಕಣವ್ವ!"

ಶನಿವಾರ ಎಲ್ಲರನ್ನೂ ಬಿಟ್ಟ. ಆದರೆ ಪಿಕ್ಚರ್ ಮುಗಿಯುವವರೆಗೆ ಟಾರ್ಚ್ ಹಿಡಿದು ಸಾಲು ಸಾಲು ತಿರುಗಿದ. "ಕೈ ಬಿಡಬೇಡಿ! ಹಿಡ್ಕೊಳ್ಳಿ!" ಕಡಲೇಕಾಯಿ ಸುಲಿಯುವ ಹಾಗಿಲ್ಲ, ಮೂಗು ಒರೆಸುವ ಹಾಗಿಲ್ಲ. ಒಂಟಿಯಾಗಿ ಬಂದಿದ್ದ ಹೆಡ್ಮಾಸ್ಟರ ಕೈಗೆ ಯಾರದೋ ಕೂಸಿನ ಕೈ ಕೊಟ್ಟ. ಕೂಸು ಅವರ ಪಂಚೆ ಒದ್ದೆ ಮಾಡಿ ಕಿರುಚತೊಡಗಿತು. ಯಾರಿಗೂ ಪಿಕ್ಚರಿನ ಮಾತು ಕೇಳಿಸಲಿಲ್ಲ.

"ದಡ್ಡ ಮುಂಡೇದೇ! ಅಳೋರನ್ನ ಎತ್ಕೊಂಡು ಹೊರಗೆ ಹೋಗು. ಕೈಗೊಂದು ಚಕ್ಕುಲಿ ಕೊಟ್ಟು ಸಮಾಧಾನ ಮಾಡು!"

"ಸರಿ ಕಣವ್ವ!"

ಭಾನುವಾರ ಮಧ್ಯಾಹ್ನದ ಆಟಕ್ಕೆ ಅರ್ಧ ಹಾಲ್ ಖಾಲಿ. ಭಾವ ಮುಂದಿನ ಕುರ್ಚಿಯಲ್ಲಿ ಕೂತು ಬೀಗದ ಕೈಗೆ ಅಂಗೈ ಚಾಚಿದರು. "ಮುಗೀಲಿ ಭಾವ," ಅಂದೆ.

ಆಮೆಯಜ್ಜಿ ಮೊಮ್ಮಗಳ ಮುಂದೆ ನಿಂತಳು. "ನೀವ್ಯಾರು?" ಅಂದಳು ಮೊಮ್ಮಗಳು. ಮಕ್ಕಳೆಲ್ಲ ಕಣ್ಣರಳಿಸಿ ಕೂತಿದ್ದರು. ದೊಡ್ಡವರು ಅಳುತ್ತ ಸೊರ್ ಸೊರ್ ಎಂದು ಮೂಗೆಳೆದರು. ಬಂದ ನೋಡಿ ನನ್ನ ಮಗ! ಹೆಡ್ಮಾಸ್ಟರನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಗೆ ಹೋದ. ಸೂಲಗಿತ್ತಿ ಮಾದಮ್ಮನನ್ನು ಹೆಗಲಿಗೆ ಹಾಕಿಕೊಂಡು ಹೋದ. ಕೊನೆಗೆ, ಮೀಸೆಯೆಲ್ಲ ಕಣ್ಣೀರಾಗಿದ್ದ ನಮ್ಮ ಭಾವನನ್ನು, ತನ್ನ ದೊಡ್ಡಪ್ಪನನ್ನು, ಎರಡೂ ತೋಳಲ್ಲಿ ಎತ್ತಿಕೊಂಡು ನಡುಬೀದಿಗೆ ಒಯ್ದ.

"ಇಳಿಸೋ ನನ್ನ!"

"ಅಳಬಾರದು ದೊಡ್ಡಪ್ಪಾ. ತಗೋ ಚಕ್ಕುಲಿ."

"ಚಕ್ಕುಲಿ ಮನೆ ಹಾಳಾಗ! ಆ ಮುದುಕಿ ಗುರುತು ಸಿಕ್ತೇನೋ? ಒಳಗೆ ಬಿಡೋ!"

ಬೀದಿಯೆಲ್ಲ ಸೇರಿತು. "ಚೆನ್ನಬಸಪ್ಪನೋರು ಅಳೋ ಅಂಥ ಪಿಕ್ಚರಾ! ನಮಗೂ ಒಂದು ಟಿಕೆಟ್ ಕೊಡಮ್ಮಾ!"

ಮಗನ ಕಿವಿ ಹಿಂಡಿದೆ. "ಅತ್ತೋರನ್ನ ಹೊರಗೆ ಹಾಕ್ತಾರೇನೋ? ಅಳೋರೇ ಕಣೋ ನಮಗೆ ಬೇಕಾದೋರು!"

"ಹೂಂ ಕಣವ್ವ!"

ಸಂಜೆ ಆಟಕ್ಕೆ ಊರೇ ಬಂತು. ಬಂದು ಹೊರಗೇ ನಿಂತಿತ್ತು. ಬಾಗಿಲಿಗೆ ಅಡ್ಡ ಕೈ ಇಟ್ಟು ನನ್ನ ಮಗ ಕೂಗುತ್ತಿದ್ದ: "ಅಳದೋರಿಗೆ ಒಳಗೆ ಜಾಗ ಇಲ್ಲ! ಮೊದಲು ಅಳಿ!" ಟಿಕೆಟ್ ಹಿಡಿದು ಊರಿಗೆ ಊರೇ ಸಾಲಾಗಿ ಗೊಳೋ ಎನ್ನುತ್ತಿತ್ತು. ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಜೋರಾಗಿ, ನಮ್ಮ ಭಾವ.

ಹಾಲ್ ತುಂಬಿತು. ನಿಲ್ಲಲೂ ಜಾಗವಿರಲಿಲ್ಲ.

ಈಗ ಆ ಮಿಲ್ಲು ನನ್ನದು. ಕಿವಿಯ ಓಲೆ ಮಾರಿ, ಟಿಕೆಟ್ ದುಡ್ಡು ಸೇರಿಸಿ ಭಾವನಿಂದಲೇ ಕೊಂಡುಕೊಂಡೆ. ಅದರ ಗೋಡೆಯ ಮೇಲೆ ನನ್ನ ಹೆಸರನ್ನು ನಾನೇ ಬರೆದಿದ್ದೇನೆ. ಅಕ್ಷರ ಕಲಿತದ್ದು ಪೋಸ್ಟರ್ ನೋಡಿಯೇ, ಯಾರೂ ಕಲಿಸಿದ್ದಲ್ಲ. ಇದಕ್ಕೆಲ್ಲ ತೆತ್ತದ್ದು ಒಂದು ಎಮ್ಮೆ, ಕಿವಿಯ ಎರಡು ಓಲೆ, ಮೂರು ಡಬ್ಬ ಚಕ್ಕುಲಿ.