ಸುದ್ದಿ ಬಾರದ ಊರಿನ ಸೂತಕ

"ಗುರುಗಳೇ, ಅರಸನ ಪಡೆಗೆ ಸೇರದೆ ತಪ್ಪಿಸಿಕೊಂಡವನು ಹೇಡಿಯಲ್ಲವೇ?" ಎಂದು ಬಸಲಿಂಗನೆಂಬ ಶಿಷ್ಯನು ಕೇಳಿದನು.

ಗುರುಗಳು ನಕ್ಕು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕ್ಷೌರಿಕನಿದ್ದನು. ಅವನ ಮಾತು ಕೇಳಿದರೆ ಮೂರು ಲೋಕದಲ್ಲೂ ಅಂಥ ಕೈ ಇನ್ನೊಂದಿಲ್ಲ. ಆಕಳಿಸಿದ ಹುಲಿ ಬಾಯಿ ಮುಚ್ಚುವಷ್ಟರಲ್ಲಿ ಅದರ ಮೀಸೆ ಬೋಳಿಸಿ, ಮನೆಗೆ ಬಂದು ಮುದ್ದೆ ಉಂಡಿದ್ದನಂತೆ. ಆ ಹುಲಿ ನಾಚಿಕೆಯಿಂದ ಮತ್ತೆ ಊರ ಕಡೆ ಸುಳಿಯಲೇ ಇಲ್ಲವಂತೆ. ಊರವರು ನಗುತ್ತಿದ್ದರು, ನಗುತ್ತಲೇ ಅವನ ಮುಂದೆ ಕೊರಳೊಡ್ಡಿ ಕೂರುತ್ತಿದ್ದರು.

ಆ ಸೀಮೆಯ ಅರಸ ತೀರಿಕೊಂಡ ಮೇಲೆ ಅವನ ಇಬ್ಬರು ಮಕ್ಕಳು ಪಟ್ಟಕ್ಕಾಗಿ ಕಾದಾಡಿದರು. ಮೊದಲು ಹಿರಿಯ ರಾಜಕುಮಾರನ ಕಡೆಯವರು ಬಂದು ಪ್ರತಿ ಮನೆಯ ಹಿರಿಯ ಮಗನನ್ನು ಎಳೆದೊಯ್ದರು. ಕ್ಷೌರಿಕನ ಹಿರಿಯ ಮಗನೂ ಹೋದನು. ಹೊಳೆಯಾಚೆ ದೊಡ್ಡ ಕಾಳಗವಾಯಿತು. ಯಾರು ಉಳಿದರು, ಯಾರು ಅಳಿದರು ಎಂಬ ಸುದ್ದಿ ಯಾವ ಮನೆಗೂ ಬರಲಿಲ್ಲ.

ಅಷ್ಟರಲ್ಲಿ ಡಂಗುರವಾಯಿತು. ಕಿರಿಯ ರಾಜಕುಮಾರನ ದಳವಾಯಿ ಕಿರಿಯ ಮಕ್ಕಳನ್ನು ಒಯ್ಯಲು ಬರುತ್ತಿದ್ದನು. ಹೋದವನು ಒಡಹುಟ್ಟಿದ ಅಣ್ಣನ ಎದುರಿಗೇ ಕತ್ತಿ ಎತ್ತಬೇಕು. ಅಡಗಿದವನ ಮನೆಗೆ ಬೆಂಕಿ.

ಆದರೆ ಆ ಕಾಲದ ಪಡೆಗಳಲ್ಲಿ ಒಂದು ಕಟ್ಟಳೆಯಿತ್ತು. ಸೂತಕದ ಮನೆಯವನನ್ನು ಮುಟ್ಟುವಂತಿಲ್ಲ. ಅವನ ಕೈ ತಗುಲಿದ ಆಯುಧ ಗೆಲ್ಲುವುದಿಲ್ಲವೆಂದು ನಂಬಿದ್ದರು.

ಕ್ಷೌರಿಕನು ಹೊಳೆಯ ದಂಡೆಯಲ್ಲಿ ಕೂತು ಹುಡುಗರನ್ನೆಲ್ಲ ಕರೆದನು. ತಾಯಂದಿರು ಅಡ್ಡ ಬಂದರು.

"ಬದುಕಿರೋ ಮಗನಿಗೆ ಸೂತಕ ಹಿಡೀತೀಯೇನೋ ಪಾಪಿ? ನಿನ್ನ ಬಾಯಿಗೆ ಹುಳ ಬೀಳ!"

ಅಷ್ಟು ಮಾತುಗಾರ, ಅಂದು ಕತ್ತಿಯನ್ನಷ್ಟೇ ಮಸೆದನು. ತನ್ನ ಕಿರಿಯ ಮಗನನ್ನೇ ಮೊದಲು ಕೂರಿಸಿ ತಲೆ ಬೋಳಿಸಿದನು. ಆಗತಾನೆ ಚಿಗುರಿದ್ದ ಮೀಸೆಯನ್ನೂ ತೆಗೆದನು. ಅದನ್ನು ನೋಡಿದ ಮೇಲೆ ತಾಯಂದಿರೇ ಮಕ್ಕಳನ್ನು ಮುಂದಕ್ಕೆ ತಳ್ಳಿದರು. ಹೊತ್ತು ನೆತ್ತಿಗೇರುವಷ್ಟರಲ್ಲಿ ಊರಿನ ತಲೆಗಳು ಹೇಗೆ ಹೊಳೆದವೆಂದರೆ, ದಳವಾಯಿಯ ಕುದುರೆ ಅರ್ಧ ಹರದಾರಿ ದೂರದಲ್ಲೇ ಕಣ್ಣು ಮುಚ್ಚಿಕೊಂಡಿತು.

"ಊರಿಗೆ ಊರೇ ಬೋಳಿಸಿಕೊಂಡಿದೆ! ಸತ್ತವನು ಯಾರೋ? ಹೆಸರು ಹೇಳು. ಸುಳ್ಳಾದರೆ ನಿನ್ನ ತಲೆ ಇರುವುದಿಲ್ಲ" ಎಂದು ದಳವಾಯಿ ಗುಡುಗಿದನು.

"ಹೆಸರು ತಮಗೇ ಗೊತ್ತು, ಒಡೆಯಾ" ಎಂದನು ಕ್ಷೌರಿಕ. "ಹೊಳೆಯಾಚೆ ಕಡಿದವರು ತಾವು. ನಮ್ಮ ಮಕ್ಕಳಲ್ಲಿ ಯಾರನ್ನು ಕಡಿದಿರಿ ಅಂತ ಒಂದು ಮಾತು ಹೇಳಿಬಿಡಿ. ಅವರ ಮನೆಗೆ ಮಾತ್ರ ಸೂತಕ ಉಳಿಸಿ, ಮಿಕ್ಕವರ ಕೂದಲನ್ನು ನಾಳೆ ಬೆಳಗಾಗೋದರೊಳಗೆ ಬೆಳೆಸಿಕೊಡ್ತೀನಿ. ಅಷ್ಟು ಕೈಗುಣ ಐತೆ ನನಗೆ."

ಸೈನಿಕರು ನಕ್ಕುಬಿಟ್ಟರು. ದಳವಾಯಿ ನಗಲಿಲ್ಲ. ಅವನಿಗೂ ಒಬ್ಬ ತಮ್ಮನಿದ್ದನು, ಎದುರಾಳಿಯ ಪಡೆಯಲ್ಲಿ. ಅವನ ಸುದ್ದಿಯೂ ಬಂದಿರಲಿಲ್ಲ. ದಳವಾಯಿ ಕುದುರೆಯಿಂದ ಇಳಿದನು. ತುಸು ಹೊತ್ತು ಮೀಸೆಯ ಮೇಲೆ ಕೈಯಿಟ್ಟು ನಿಂತನು. ಆಮೇಲೆ ಮುಂಡಾಸು ಬಿಚ್ಚಿ ಕ್ಷೌರಿಕನ ಮುಂದೆ ತಲೆ ಬಗ್ಗಿಸಿ ಕೂತನು.

ಪಡೆಯು ಒಬ್ಬ ಹುಡುಗನನ್ನೂ ಮುಟ್ಟದೆ ಬಂದ ದಾರಿಯಲ್ಲೇ ತಿರುಗಿ ಹೋಯಿತು.

"ಭಲೇ!" ಎಂದು ಬಸಲಿಂಗನು ತೊಡೆ ತಟ್ಟಿದನು. "ಹೇಡಿಯಲ್ಲ, ಒಪ್ಪಿದೆ. ಆದರೆ ಗುರುಗಳೇ, ಆ ಕ್ಷೌರಿಕನು ಸುಳ್ಳುಗಾರನಂತೂ ಹೌದಲ್ಲವೇ?"

ಗುರುಗಳ ಮುಖದಲ್ಲಿ ನಗೆ ಇರಲಿಲ್ಲ.

"ಅವನ ಹಿರಿಯ ಮಗ ತಿರುಗಿ ಬಂದಿದ್ದರೆ, ಹೌದು ಮಗು."