ಹರಳೆಣ್ಣೆಗೆ ಬಂದ ಹೆಸರು

ಈ ಕತೆಯನ್ನು ಮೊದಲು ಹೇಳಿದವರು ಗದಗಿನ ನರ್ಸ್ ಶಾರವ್ವ. ಅವರಿಗೆ ಯಾರಿಂದ ಬಂತೋ ಗೊತ್ತಿಲ್ಲ. ಕತೆ ಬಂದಾಗ ಹಾಗೆಲ್ಲ ಯಾರೂ ಕೇಳುವುದಿಲ್ಲ, ಕಾಯಿಲೆ ಬಂದಾಗ ಮಾತ್ರ ಕೇಳುತ್ತಾರೆ.

"ಗುರುಗಳೇ, ಹೆಂಡತಿಗೆ ಗುಪ್ತಾಂಗದಲ್ಲಿ ಗುಳ್ಳೆ ಎದ್ದಿದೆ. ಡಾಕ್ಟರು ಹರ್ಪಿಸ್ ಎಂದರು. ನನಗೆ ಏನೂ ಇಲ್ಲ. ಹಾಗಾದರೆ ದಾರಿ ತಪ್ಪಿದವಳು ಅವಳೇ ಅಲ್ಲವೇ?"

ಕೇಳಿದವನು ಗವಿಸಿದ್ಧ, ತಬಲಾ ಕಲಿಯುತ್ತಿದ್ದ ಶಿಷ್ಯ. ಗುರುಗಳು ಹಿಂದೆ ಚರ್ಮರೋಗದ ಡಾಕ್ಟರಾಗಿದ್ದವರು. ಈಗಲೂ ಚರ್ಮದ್ದೇ ಕೆಲಸ ಎಂದು ನಗುತ್ತಿದ್ದರು. ಅಂದು ನಗಲಿಲ್ಲ. ಸಂಜೆಗೆ ಮಾವ ಬಂದು ಮಗಳನ್ನು ಕರೆದುಕೊಂಡು ಹೋಗುವವನಿದ್ದ. ಹೇಳಿ ಕಳಿಸಿದ್ದು ಗವಿಸಿದ್ಧನೇ. ಅವಳು ಆಗಲೇ ಬಟ್ಟೆ ಗಂಟು ಕಟ್ಟಿಕೊಂಡು ಕೂತಿದ್ದಳು. ಗುರುಗಳು ಹೌದೆಂದರೆ ಸಾಕು, ಮನಸ್ಸಿನ ಕುದಿ ತಣಿಯುತ್ತದೆ ಎಂದುಕೊಂಡು ಅವನು ಕಾದ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿ. ಮದುವೆಗೆ ಮುಂಚೆ ಒಂದು ಬೇಸಿಗೆಯಲ್ಲಿ ಅವನಿಗೆ ಗುಳ್ಳೆ ಎದ್ದವು. ತಾಯಿಗೆ "ಎಲ್ಲೋ ಉರಿ" ಎಂದ. ಎಲ್ಲಿ ಎಂದು ಆಕೆ ಕೇಳಲಿಲ್ಲ. "ಉಷ್ಣ ಆಗೇದಪ್ಪ" ಎಂದು ನೆತ್ತಿಗೂ ಹೊಕ್ಕುಳಿಗೂ ಹರಳೆಣ್ಣೆ ಹಚ್ಚಿದಳು. ಕೆಲವು ದಿನಕ್ಕೆ ಗುಳ್ಳೆ ಒಣಗಿದವು. ಮತ್ತೆ ಬಂದವು, ಮತ್ತೆ ಎಣ್ಣೆ, ಮತ್ತೆ ಹೋದವು. ಕೊನೆಗೆ ಬರುವುದೇ ನಿಂತಿತು. ಅವನು ಮರೆತ. ಮದುವೆಯಾಯಿತು.

ಎಷ್ಟೋ ವರ್ಷದ ಮೇಲೆ ಹೆಂಡತಿಗೆ ಗುಳ್ಳೆ ಎದ್ದು ಜ್ವರ ಬಂತು. ಮನೆಯಲ್ಲಿ ಅವಳ ತಟ್ಟೆ ಬೇರೆಯಾಯಿತು, ಲೋಟ ಬೇರೆಯಾಯಿತು. ವ್ಯಾಪಾರಿ ವೈದ್ಯನ ಬಳಿ ಹೋಗಿ, "ಯಾರಿಂದ ತಂದಳು, ಹೇಳಿ" ಎಂದ.

ವೈದ್ಯ ಹೇಳಿದ: "ಇದು ಚರ್ಮಕ್ಕೆ ಚರ್ಮ ತಾಗಿ, ಕೂಡುವಾಗ ಹರಡುತ್ತದೆ. ತಟ್ಟೆ ಲೋಟದಿಂದಲ್ಲ. ಗುಳ್ಳೆ ಹೋದರೂ ವೈರಸ್ ನರದ ಬುಡದಲ್ಲಿ ಮಲಗಿರುತ್ತದೆ. ಮೇಲೆ ಏನೂ ಕಾಣದ ದಿನವೂ ಒಮ್ಮೊಮ್ಮೆ ಚರ್ಮಕ್ಕೆ ಬಂದು ಹೋಗುತ್ತದೆ. ಎಷ್ಟೋ ಜನಕ್ಕೆ ತಮ್ಮಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಇಂದು ಎದ್ದ ಗುಳ್ಳೆ ನೋಡಿ, ಎಂದು ಬಂತು, ಯಾರಿಂದ ಬಂತು ಎಂದು ನಾನೂ ಹೇಳಲಾರೆ."

"ಹಾಗಾದರೆ ಮದುವೆಗೆ ಮುಂಚೆ ನನಗೂ ಗುಳ್ಳೆ ಎದ್ದು, ಹರಳೆಣ್ಣೆಗೆ ಹೋಗಿತ್ತಲ್ಲ?"

"ತಾನಾಗಿ ಅಡಗಿತು, ಹೆಸರು ಎಣ್ಣೆಗೆ ಬಂತು. ಪೂರ್ತಿ ಹೋಗಲಾಡಿಸುವ ಮದ್ದು ಇನ್ನೂ ಇಲ್ಲ, ಆದರೆ ಗುಳಿಗೆ ಇದೆ. ಬೇಗ ಮಾಯುತ್ತದೆ, ಹರಡುವುದೂ ಕಡಿಮೆಯಾಗುತ್ತದೆ. ಗುಳ್ಳೆ ಇದ್ದಾಗ, ಏಳುವ ಮುಂಚಿನ ಚುರುಚುರು ಇದ್ದಾಗ, ಕೂಡಬೇಡಿ. ಉಳಿದ ದಿನ ನಿರೋಧ್ ಬಳಸಿ. ಅದು ಪೂರ್ತಿ ತಡೆಯದಿದ್ದರೂ ಬಹಳಷ್ಟು ಕಾಯುತ್ತದೆ. ಅವಳು ಬಸುರಿಯಾದರೆ ಹೆರಿಗೆ ಡಾಕ್ಟರಿಗೆ ಮುಚ್ಚಿಡಬೇಡಿ. ಇಷ್ಟು ನೋಡಿಕೊಂಡು ಎಷ್ಟೋ ಜನ ಸಂಸಾರ ಮಾಡುತ್ತಿದ್ದಾರೆ."

ವ್ಯಾಪಾರಿ ಮನೆಗೆ ಹೋಗಿ ಹೆಂಡತಿಯ ಲೋಟ ಎತ್ತಿ ಅದರಲ್ಲೇ ನೀರು ಕುಡಿದ. ಅವಳು ಮುಖ ತಿರುಗಿಸಿದಳು. "ಲೋಟ ಒಂದು ಮಾಡಿದಿರಿ. ಯಾರಿಂದ ತಂದೆ ಎಂದು ಆಡಿದ ಮಾತು?" ಎಂದಳು.

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟರು.

ಗವಿಸಿದ್ಧ ತಬಲಾ ಪಕ್ಕಕ್ಕೆ ಸರಿಸಿದ. ತನ್ನದೂ ಒಂದು ಬೇಸಿಗೆ ಅವನಿಗೆ ನೆನಪಾಗುತ್ತಿತ್ತು. "ಮನೆಗೆ ಹೋಗಿ ಏನು ಹೇಳಲಿ?" ಎಂದ.

"ಅವಳಿಗೂ ಮಾವನಿಗೂ ಈ ಕತೆಯನ್ನೇ ಹೇಳು, ಅದಕ್ಕೂ ಮೊದಲು, ನೋವು ಹೇಗಿದೆ ಎಂದು ಅವಳನ್ನು ಕೇಳು."