ಮನೆ ಬದಲಿಸುವವರು ಯಾರು

ಧಾರವಾಡದಲ್ಲಿ ನಮ್ಮದು ನಾಲ್ಕು ತಲೆಮಾರಿನ ವಕೀಲರ ಮನೆತನ. ನಮ್ಮವರು ಯಾರೂ ಕಕ್ಷಿದಾರರಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಮೊದಲು ಹತ್ತಿದವನು ನನ್ನ ಮಗ ಶಶಿಧರ, ವಿಚ್ಛೇದನಕ್ಕಾಗಿ.

ಕೌಟುಂಬಿಕ ನ್ಯಾಯಾಲಯದ ಗುಮಾಸ್ತನಿಗೆ ಅವನು ಆಜ್ಞೆ ಮಾಡಿದ. "ಬರಕೊಳ್ರಿ. ಮಗಳು ಒಂದು ವಾರ ನನ್ನ ಮನಿ, ಒಂದು ವಾರ ತಾಯಿ ಮನಿ."

ಸೊಸೆ ಗಿರಿಜಾ ಒಪ್ಪಿ ತಲೆಯಾಡಿಸಿದಳು. ಆರು ವರ್ಷದ ಮೊಮ್ಮಗಳು ಇಂಚರಾ ನನ್ನ ಪಕ್ಕದಲ್ಲಿ ಕೂತು ನೆಲ ನೋಡುತ್ತಿದ್ದಳು.

ಗುಮಾಸ್ತ ನಿಧಾನವಾಗಿ ಬರೆದು, ಓದಿ ಹೇಳಿದ. "ಮಗಳು ಒಂದೇ ಮನ್ಯಾಗ ಇರತಾಳ. ತಂದೆ ಒಂದು ವಾರ, ತಾಯಿ ಒಂದು ವಾರ ಅಲ್ಲಿಗೆ ಬಂದು ಇರಬೇಕು."

ಶಶಿಧರ ಸಿಡುಕಿದ. "ಏನ್ರಿ ಇದು? ವಾರಾ ವಾರಾ ಚೀಲ ಹೊತ್ತು ನಾ ತಿರಗ್ಲೇನು? ನನ್ನ ಹಾಸಿಗಿ ಬಿಟ್ರ ನನಗ ನಿದ್ದಿ ಬರೂದಿಲ್ಲ."

"ತಪ್ಪಾತ್ರಿ ಸಾಹೇಬ್ರ, ತಿದ್ದತೇನಿ. ನಿದ್ದಿ ಬರದಿದ್ರೂ ನಡೀತದ ಅಂತ ಮಗಳ ಹೆಸರಿನ ಮುಂದ ಬರೀಲೇನ್ರಿ?"

ಗುಮಾಸ್ತ ಪೆನ್ನು ಹಿಡಿದು ಕಾದ. ಗಿರಿಜಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಇಂಚರಾ ಮೆಲ್ಲಗೆ ಹೇಳಿದಳು. "ನನ್ನ ಚೀಲ ಸಣ್ಣದೈತಿ ಅಜ್ಜಿ. ನಾನೇ ಹೊರತೇನಿ."

ನಾನು ಎದ್ದು ನಿಂತೆ. "ಇಬ್ಬರೂ ಈಗಲೇ ಈ ಕೂಸಿನ ಕ್ಷಮಾ ಕೇಳ್ರಿ."